ಬೇಲೂರಿನ ಜಾಲಂಧ್ರ, ಹೊರೈಜನ್ನಿನ ಪ್ಯಾನೆಲ್

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1117ರಲ್ಲಿ ಪ್ರತಿಷ್ಠೆಗೊಂಡಾಗ ಅದರ ನವರಂಗಕ್ಕೆ ಇಂದು ಕಾಣುವ ಜಾಲಂಧ್ರಗಳಿರಲಿಲ್ಲವೆಂಬುದು ವಾಸ್ತು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಮೊದಲು ತೆರೆದೇ ಇದ್ದ ಆ ಮಂಟಪದ ಹೊರಗಂಬಗಳ ನಡುವೆ ರಂಧ್ರಗಳುಳ್ಳ ಕಲ್ಲಿನ ತೆರೆಗಳು ಬಂದು ಕೂತದ್ದು ವಿಷ್ಣುವರ್ಧನನ ಮೊಮ್ಮಗನಾದ ಇಮ್ಮಡಿ ಬಲ್ಲಾಳನ ಆಳ್ವಿಕೆಯಲ್ಲಿ. ಅಷ್ಟು ದೊಡ್ಡ ಬದಲಾವಣೆಯಾದರೂ ಒಂದು ಕಂಬವೂ ಕದಲಲಿಲ್ಲ, ಜಗತಿಯ ಅಳತೆ ಬದಲಾಗಲಿಲ್ಲ. ತೆರೆಗಳು ಕಂಬಗಳ ನಡುವಣ ಅಂತರಕ್ಕೆ ತಕ್ಕಂತೆ ತಮ್ಮನ್ನು ಹೊಂದಿಸಿಕೊಂಡವೇ ಹೊರತು ಕಂಬಗಳು ತೆರೆಗಳಿಗಾಗಿ ಸರಿಯಲಿಲ್ಲ. ಮೂಲ ರಚನೆಯನ್ನು ಮುಟ್ಟದೆ, ಅದು ಬಿಟ್ಟುಕೊಟ್ಟ ಜಾಗದಲ್ಲಿಯೇ ಹೊಸದನ್ನು ಕೂರಿಸುವ ಈ ಕ್ರಮಕ್ಕೆ ಇಂದಿನ ಸಾಫ್ಟ್‌ವೇರ್ ಜಗತ್ತಿನಲ್ಲಿ ಪ್ಲಗಿನ್ ಎಂದು ಹೆಸರು. ಕ್ಲೌಡ್ ನಿರ್ವಹಣೆಯ ಜಾಲಪುಟದಂಥ ತೀರ ದೂರದ್ದೆನಿಸುವ ವಿಷಯವನ್ನು ಅರ್ಥಮಾಡಿಕೊಳ್ಳಲು ಹಾಸನ ಜಿಲ್ಲೆಯ ಓದುಗರಿಗೆ ಇದಕ್ಕಿಂತ ಹತ್ತಿರದ ಮಾದರಿ ಸಿಗಲಾರದು.

ಕ್ಲೌಡ್ ಎಂದರೆ ಒಂದೆಡೆ ಜೋಡಿಸಿಟ್ಟ ಹತ್ತಾರು ಅಥವಾ ಸಾವಿರಾರು ಸರ್ವರುಗಳ ಗಣನಶಕ್ತಿ, ಸಂಗ್ರಹ ಮತ್ತು ಜಾಲಸಂಪರ್ಕಗಳನ್ನು ಕೇಳಿದವರಿಗೆ ಕೇಳಿದಷ್ಟು ಪಾಲು ಮಾಡಿಕೊಡುವ ವ್ಯವಸ್ಥೆ. ಇಂಥ ಕ್ಲೌಡನ್ನು ಯಾವ ಸಂಸ್ಥೆಯಾದರೂ ತನ್ನ ಸ್ವಂತ ಯಂತ್ರಗಳ ಮೇಲೆ ಕಟ್ಟಿಕೊಳ್ಳಲು ನೆರವಾಗುವ ಮುಕ್ತ ತಂತ್ರಾಂಶಗಳಲ್ಲಿ ಪ್ರಮುಖವಾದ ಓಪನ್‌ಸ್ಟ್ಯಾಕ್, 2010ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿಯ ಜಂಟಿ ಯೋಜನೆಯಾಗಿ ಆರಂಭವಾಯಿತು. ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಕೇಂದ್ರವೂ 2013ರಿಂದ ಇದನ್ನೇ ಬಳಸುತ್ತಿದೆ. ಇದರಲ್ಲಿ ವರ್ಚುವಲ್ ಯಂತ್ರಗಳನ್ನು ಹುಟ್ಟುಹಾಕುವ ಕೆಲಸ ನೋವಾ ಎಂಬ ಸೇವೆಯದು, ಜಾಲಸಂಪರ್ಕ ನ್ಯೂಟ್ರಾನಿನದು, ಡಿಸ್ಕುಗಳು ಸಿಂಡರಿನವು, ಬಂದವರು ಯಾರೆಂದು ಗುರುತಿಸುವ ಹೊಣೆ ಕೀಸ್ಟೋನಿನದು. ಇವೆಲ್ಲವನ್ನೂ ಬ್ರೌಸರಿನ ಒಂದೇ ಪುಟದಲ್ಲಿ ಬಳಕೆದಾರನ ಮುಂದಿಡುವ ಡ್ಯಾಶ್‌ಬೋರ್ಡಿನ ಹೆಸರು ಹೊರೈಜನ್; ಪೈಥಾನ್ ಭಾಷೆಯ ಜಾಂಗೊ ಚೌಕಟ್ಟಿನ ಮೇಲೆ ಬರೆದ ಇದು 2012ರ ಎಸೆಕ್ಸ್ ಆವೃತ್ತಿಯಿಂದ ಓಪನ್‌ಸ್ಟ್ಯಾಕಿನ ಅಧಿಕೃತ ಅಂಗ. ಗಮನಿಸಬೇಕಾದ ಸಂಗತಿಯೆಂದರೆ, ಹೊರೈಜನ್ನಿಗೆ ತನ್ನದೇ ಆದ ದತ್ತಸಂಗ್ರಹ ಬೇಕಿಲ್ಲ. ಎಷ್ಟು ಯಂತ್ರಗಳಿವೆ, ಯಾರ ಬಳಿ ಏನಿದೆ ಎಂಬುದನ್ನು ಅದು ಪ್ರತಿ ಬಾರಿಯೂ ಆಯಾ ಸೇವೆಯನ್ನು ಕೇಳಿ ತಿಳಿದು ತೋರಿಸುತ್ತದೆ. ದೇವಾಲಯದ ಭಾಷೆಯಲ್ಲಿ ಹೇಳುವುದಾದರೆ ಅದು ನವರಂಗವೇ ಹೊರತು ಗರ್ಭಗುಡಿಯಲ್ಲ.

ಆ ನವರಂಗದೊಳಗಿನ ಜೋಡಣೆಗೆ ಒಂದು ಕಟ್ಟುಪಾಡಿದೆ. ಇಡೀ ತಾಣದಲ್ಲಿ ಕೆಲವು ಡ್ಯಾಶ್‌ಬೋರ್ಡುಗಳು, ಪ್ರತಿ ಡ್ಯಾಶ್‌ಬೋರ್ಡಿನಲ್ಲಿ ಪ್ಯಾನೆಲ್ ಗುಂಪುಗಳು, ಪ್ರತಿ ಗುಂಪಿನಲ್ಲಿ ಪ್ಯಾನೆಲುಗಳು. ಪ್ಯಾನೆಲ್ ಎಂದರೆ ಎಡಬದಿಯ ಪಟ್ಟಿಯಲ್ಲಿ ಒಂದು ಹೆಸರಾಗಿ ಕಾಣಿಸಿ, ಒತ್ತಿದಾಗ ಒಂದು ಪುಟವಾಗಿ ತೆರೆದುಕೊಳ್ಳುವ ಘಟಕ. ಸಾಮಾನ್ಯ ಬಳಕೆದಾರನಿಗೆ ಪ್ರಾಜೆಕ್ಟ್ ಎಂಬ ಡ್ಯಾಶ್‌ಬೋರ್ಡು, ಮೇಲ್ವಿಚಾರಕನಿಗೆ ಅದರ ಜೊತೆಗೆ ಅಡ್ಮಿನ್ ಎಂಬುದು: ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ ಗುಡಿಗಳು ಒಂದೇ ಜಗತಿಯ ಮೇಲೆ ನಿಂತು, ಮಂಟಪಗಳ ಮೂಲಕ ಕೂಡಿಕೊಂಡಿದ್ದರೂ, ತಮ್ಮ ತಮ್ಮ ಬಾಗಿಲುಗಳನ್ನು ಬೇರೆಯಾಗಿಯೇ ಉಳಿಸಿಕೊಂಡಂತೆ.

ಇನ್ನು, ಒಂದು ಇಂಜಿನಿಯರಿಂಗ್ ಕಾಲೇಜು ತನ್ನ ಪ್ರಯೋಗಶಾಲೆಗೆ ಓಪನ್‌ಸ್ಟ್ಯಾಕನ್ನು ಅಳವಡಿಸಿಕೊಂಡಿದ್ದು, ಯಾವ ವಿದ್ಯಾರ್ಥಿ ತಂಡ ಯಾವ ಯಂತ್ರವನ್ನು ಎಷ್ಟು ಹೊತ್ತು ಬಳಸಿತೆಂಬುದನ್ನು ವಿಭಾಗವಾರು ನೋಡಲು ಬಯಸಿದೆ ಎಂದಿಟ್ಟುಕೊಳ್ಳಬಹುದು. ಮೂಲ ಹೊರೈಜನ್ನಿನಲ್ಲಿ ಅಂಥ ಪುಟವಿಲ್ಲ. ಹೊರೈಜನ್ನಿನ ಕಡತಗಳನ್ನೇ ತೆರೆದು ತಿದ್ದುವುದು ಸುಲಭವಾಗಿ ಕಂಡರೂ, ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಯು ಆ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ, ಇಲ್ಲವೇ ತಿದ್ದುಪಡಿಯನ್ನು ಉಳಿಸಿಕೊಳ್ಳಲು ಹೋಗಿ ಹೊಸ ಆವೃತ್ತಿಯನ್ನೇ ಕೈಬಿಡಬೇಕಾಗುತ್ತದೆ. ಪ್ಲಗಿನ್ ಈ ಇಕ್ಕಟ್ಟಿಗೆ ಉತ್ತರ. ಬೇಕಾದ ಪುಟವನ್ನು ಪ್ರತ್ಯೇಕ ಪೈಥಾನ್ ಪ್ಯಾಕೇಜಾಗಿ ಬರೆಯಲಾಗುತ್ತದೆ: ಪ್ಯಾನೆಲಿನ ಹೆಸರು ಮತ್ತು ಅದನ್ನು ನೋಡಲು ಇರಬೇಕಾದ ಅಧಿಕಾರವನ್ನು ಸಾರುವ ಒಂದು ಕಡತ, ಯಾವ ವಿಳಾಸಕ್ಕೆ ಯಾವ ಪುಟವೆಂಬುದನ್ನು ಹೇಳುವ ಮತ್ತೊಂದು, ಸೇವೆಗಳಿಂದ ಮಾಹಿತಿ ತರಿಸಿಕೊಳ್ಳುವ ಇನ್ನೊಂದು, ಅದನ್ನು ಪರದೆಯ ಮೇಲೆ ಹಾಸುವ ಎಚ್‌ಟಿಎಂಎಲ್ ಅಚ್ಚುಗಳು. ಆ ಪ್ಯಾಕೇಜನ್ನು ಸರ್ವರಿನಲ್ಲಿ ಸ್ಥಾಪಿಸಿದ ಮೇಲೆ ಹೊರೈಜನ್ನಿಗೆ ಅದರ ಸುದ್ದಿ ಮುಟ್ಟಿಸುವುದು ಕೇವಲ ನಾಲ್ಕೈದು ಸಾಲಿನ ಒಂದು ಪುಟ್ಟ ಕಡತ.

ಈ ಪುಟ್ಟ ಕಡತವೇ ಇಡೀ ವ್ಯವಸ್ಥೆಯ ಸೊಗಸು. ಹೊರೈಜನ್ನಿನಲ್ಲಿ ‘ಎನೇಬಲ್ಡ್’ ಎಂಬ ಒಂದು ಕೋಶವಿದ್ದು, ಸ್ಥಳೀಯ ಸೇರ್ಪಡೆಗಳಿಗಾಗಿ ‘ಲೋಕಲ್’ ಕೋಶದೊಳಗೆ ಅದೇ ಹೆಸರಿನ ಇನ್ನೊಂದಿದೆ. ಅವುಗಳಲ್ಲಿ ಇಟ್ಟ ಕಡತಗಳ ಹೆಸರಿನ ಮೊದಲಲ್ಲಿ ಒಂದು ಸಂಖ್ಯೆಯಿರುತ್ತದೆ. ಹೊರೈಜನ್ ಆರಂಭವಾಗುವಾಗ ಅವನ್ನು ಹೆಸರಿನ ಕ್ರಮದಲ್ಲಿ ಓದುತ್ತ, ಇಂಥ ಪ್ಯಾನೆಲನ್ನು ಇಂಥ ಡ್ಯಾಶ್‌ಬೋರ್ಡಿನ ಇಂಥ ಗುಂಪಿನಲ್ಲಿ ಸೇರಿಸು ಎಂಬ ಸೂಚನೆಯನ್ನು ಪಾಲಿಸುತ್ತ ಹೋಗುತ್ತದೆ. ಎರಡೂ ಕಡೆ ಒಂದೇ ಹೆಸರಿನ ಕಡತವಿದ್ದರೆ ಸ್ಥಳೀಯ ಕಡತಕ್ಕೆ ಮನ್ನಣೆ. ಬೇಡವಾದ ಪ್ಯಾನೆಲನ್ನು ಮರೆಮಾಡುವುದಕ್ಕೂ ಇದೇ ದಾರಿ. ಮೂಲದಲ್ಲಿ ಒಂದು ಸಾಲನ್ನೂ ಅಳಿಸಬೇಕಿಲ್ಲ. ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಈ ಉಪಾಯ ಹೊಸದಲ್ಲ. ಪ್ರತ್ಯೇಕ ಬಳಪದ ಕಲ್ಲಿನಲ್ಲಿ ಕಡೆದು, ಕಂಬದ ತಲೆಗೂ ಮೇಲಿನ ಚಾಚಿಗೂ ನಡುವೆ ಓರೆಯಾಗಿ ಕೂರಿಸಿದ ಆ 42 ವಿಗ್ರಹಗಳಲ್ಲಿ 38 ಹೊರಗಿವೆ, ನಾಲ್ಕು ಒಳಗಿವೆ; ಒಂದೊಂದೂ ಸ್ವತಂತ್ರ ಕಲ್ಪನೆಯಾದರೂ ಎಲ್ಲವೂ ಕೂತದ್ದು ವಾಸ್ತುವಿನ ಯೋಜನೆ ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಬಾಗಿನಲ್ಲಿ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರಂಥವರು ಅವುಗಳಡಿ ಹೆಸರು ಕೆತ್ತಿದಂತೆ, ಪ್ಲಗಿನ್ ಪ್ಯಾಕೇಜಿನ ವಿವರಪತ್ರದಲ್ಲಿಯೂ ಬರೆದವರ ಹೆಸರಿಗೊಂದು ಸಾಲು ಸಾಮಾನ್ಯವಾಗಿ ಇರುತ್ತದೆ.

ಹೊಂದಿಕೆಯೆಂದರೆ ತದ್ರೂಪವೆಂದು ತಿಳಿಯಬೇಕಿಲ್ಲ. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಕಟ್ಟಿದ ಈಶ್ವರ ದೇವಾಲಯದ ಮುಂಭಾಗದಲ್ಲಿ ನಕ್ಷತ್ರಾಕಾರದ, ಗುಮ್ಮಟದಂತೆ ಒಳಬಾಗಿದ ಛಾವಣಿಯ ತೆರೆದ ಮಂಟಪವಿದೆ. ಹಿಂದಿನ ಮುಚ್ಚಿದ ನವರಂಗಕ್ಕೂ ಅದಕ್ಕೂ ಆಕಾರದಲ್ಲಿ ಹೋಲಿಕೆಯಿಲ್ಲ, ಆದರೆ ಎರಡೂ ಒಂದೇ ಅಕ್ಷದ ಮೇಲೆ ನಿಂತು ಭಕ್ತನನ್ನು ಒಂದೇ ಗರ್ಭಗುಡಿಗೆ ಕರೆದೊಯ್ಯುತ್ತವೆ. ಪ್ಲಗಿನ್ನಿಗೂ ತನ್ನ ನಕ್ಷೆ, ತನ್ನ ಬಣ್ಣ, ತನ್ನ ಚಿತ್ರಪಟ ಇರಬಹುದು. ಅಕ್ಷ ಮಾತ್ರ ಕೀಸ್ಟೋನಿನ ಗುರುತಿನದೇ ಆಗಿರಬೇಕು.

ಕೆಲಸ ಕೆಡುವುದು ಸಾಮಾನ್ಯವಾಗಿ ಸಣ್ಣ ವಿಷಯಗಳಲ್ಲಿ. ಪ್ಯಾಕೇಜಿನಲ್ಲಿ ಯಾವ ಯಾವ ಕಡತಗಳು ಸೇರಬೇಕೆಂಬ ಪಟ್ಟಿಯಲ್ಲಿ ಎಚ್‌ಟಿಎಂಎಲ್ ಅಚ್ಚುಗಳನ್ನು ನಮೂದಿಸಲು ಮರೆತರೆ ಪೈಥಾನ್ ಕಡತಗಳಷ್ಟೇ ಸರ್ವರಿಗೆ ಹೋಗಿ, ಪ್ಯಾನೆಲಿನ ಹೆಸರು ಪಟ್ಟಿಯಲ್ಲಿ ಕಾಣಿಸಿಯೂ ಪುಟ ತೆರೆಯುವುದಿಲ್ಲ. ಬಣ್ಣ, ವಿನ್ಯಾಸಗಳ ಕಡತಗಳನ್ನು ಒಂದೆಡೆ ಕಲೆಹಾಕಿ ಸಂಕುಚಿಸುವ ಹೆಜ್ಜೆಯನ್ನು ಬಿಟ್ಟರೆ ಪುಟ ತೆರೆದರೂ ಅದಕ್ಕೆ ಅಲಂಕಾರವಿರುವುದಿಲ್ಲ. ಜಾಲ ಸರ್ವರನ್ನು ಮರುಚಾಲನೆ ಮಾಡದಿದ್ದರೆ ಏನೂ ಆದಂತೆಯೇ ಇರುವುದಿಲ್ಲ. ಇವು ಒಂದು ಸಂಜೆಯಲ್ಲಿ ಸರಿಹೋಗುವ ತಪ್ಪುಗಳು.

ಸರಿಹೋಗದ ತಪ್ಪು ಬೇರೆಯದು. ಪ್ಲಗಿನ್ ಬರೆಯುವವರು ಪ್ಯಾನೆಲನ್ನು ಮರೆಮಾಡಿದ ಮಾತ್ರಕ್ಕೆ ಆ ಕೆಲಸವನ್ನು ತಡೆದಂತಾಯಿತೆಂದು ಭಾವಿಸುವುದುಂಟು. ಮಂಟಪದ ತೆರೆ ಕಣ್ಣನ್ನು ತಡೆಯಬಹುದು, ಗರ್ಭಗುಡಿಯ ಬೀಗವಾಗಲಾರದು. ಡ್ಯಾಶ್‌ಬೋರ್ಡನ್ನು ಬದಿಗಿಟ್ಟು ಆದೇಶಸಾಲಿನಿಂದ ನೇರವಾಗಿ ಸೇವೆಯನ್ನು ಕೇಳುವವನನ್ನು ತಡೆಯಬೇಕಾದದ್ದು ಆಯಾ ಸೇವೆಯ ನಿಯಮಪತ್ರವೇ. ಜೊತೆಗೆ, ಪ್ಲಗಿನ್ ಪ್ರತ್ಯೇಕ ಪ್ಯಾಕೇಜಾಗಿದ್ದರೂ ಓಡುವುದು ಹೊರೈಜನ್ನಿನ ಪ್ರಕ್ರಿಯೆಯ ಒಳಗೆಯೇ ಆದ್ದರಿಂದ, ಆರಂಭದಲ್ಲೇ ಎಡವುವ ಒಂದು ಕೆಟ್ಟ ಪ್ಲಗಿನ್ ಇಡೀ ಜಾಲಪುಟವನ್ನು ಕೆಳಗಿಳಿಸಬಲ್ಲದು. ಬೇಲೂರಿನ ಗರ್ಭಗುಡಿಯ ಮೇಲಿದ್ದ ಇಟ್ಟಿಗೆ ಮತ್ತು ಮರದ ಶಿಖರವನ್ನು, ಒಳಗುಡಿಯನ್ನು ಉಳಿಸಿಕೊಳ್ಳಲೆಂದು, 1879ರಲ್ಲಿ ಬಿಚ್ಚಬೇಕಾಯಿತು. ಮರಳಿ ಬಿಚ್ಚಲು ಬರುವಂತೆ ಸೇರಿಸುವುದೂ ಕಲೆಯ ಭಾಗವೇ, ಮತ್ತು ಹೊರೈಜನ್ನಿನಲ್ಲಿ ಬಿಚ್ಚುವುದೆಂದರೆ ಆ ಪುಟ್ಟ ಕಡತವನ್ನು ತೆಗೆದು ಸರ್ವರನ್ನು ಮರುಚಾಲನೆ ಮಾಡುವುದಷ್ಟೇ. ಸೇರಿಸಿ ಬಿಚ್ಚುವ ಇಷ್ಟು ಅನುಕೂಲ ಇಂದಿನ ಬೇಲೂರು, ಹಳೇಬೀಡುಗಳಿಗಿಲ್ಲ: 2023ರಲ್ಲಿ ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಸ್ಮಾರಕಗಳ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣವೇ ನಿಷಿದ್ಧ.

ಪ್ಲಗಿನ್ನಿನ ಇನ್ನೊಂದು ಸಾಧ್ಯತೆ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪ್ರತಿ ಪ್ಲಗಿನ್ನೂ ತನ್ನ ಪುಟಗಳ ಪದಗಳಿಗೆ ತನ್ನದೇ ಅನುವಾದ ಕಡತವನ್ನು ಹೊತ್ತು ತರಬಹುದು. ಮೇಲೆ ಮೂಲ ಪದ, ಕೆಳಗೆ ಅದರ ಅನುವಾದವೆಂಬಂತೆ ಸಾಲುಸಾಲಾಗಿ ಇರುವ ಆ ಪಠ್ಯ ಕಡತವನ್ನು ತುಂಬಲು ಪ್ರೋಗ್ರಾಮಿಂಗ್ ಬರಬೇಕೆಂದೂ ಇಲ್ಲ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ನಡೆಯುತ್ತಿದೆ, ಜಿಲ್ಲೆಯಲ್ಲಿ ಬೇರೆ ಕಾಲೇಜುಗಳೂ ಇವೆ. ಕಲಿಕೆಗಾಗಿ ಇಡೀ ಓಪನ್‌ಸ್ಟ್ಯಾಕನ್ನು ಒಂದೇ ಯಂತ್ರದಲ್ಲಿ ಎಬ್ಬಿಸಿ ನಿಲ್ಲಿಸುವ ಡೆವ್‌ಸ್ಟ್ಯಾಕ್ ಉಚಿತವಾಗಿ ಸಿಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳು ಕನ್ನಡದಲ್ಲಿ ತೆರೆದುಕೊಳ್ಳುವ ಒಂದು ಪ್ಯಾನೆಲನ್ನು ಬರೆದು ನೋಡಬೇಕು. ಜಾಂಗೊದ ಭಾಷಾಪಟ್ಟಿಯಲ್ಲಿ ಕನ್ನಡ ಈಗಾಗಲೇ ಇದೆ.