ಕೊನೆಕೊಯ್ಲಿಗೆ ಮುಂಚಿನ ಮನೆ

ಹಸ್ತಾ ಮಳೆ ಎರಡು ದಿನ ಬಿಡುವು ಕೊಟ್ಟಿತೆಂದರೆ ಸಾಕು, ಶಿರಸಿ-ಸಿದ್ದಾಪುರ ಸೀಮೆಯ ತೋಟದ ಮನೆಗಳಲ್ಲಿ ಒಳಗಿದ್ದುದೆಲ್ಲ ಅಂಗಳಕ್ಕೆ ಬರುತ್ತದೆ. ಜೂನ್‌ನಿಂದ ಬಿಸಿಲು ಕಾಣದ ಕಂಬಳಿ, ಹಾಸಿಗೆ, ದಿಂಬು. ಬೂಷ್ಟು ಹಿಡಿಯತೊಡಗಿದ ಹುಣಸೆಹಣ್ಣು. ಹುಳ ಬೀಳುವ ಸೂಚನೆ ಕೊಟ್ಟ ಅಕ್ಕಿ. ಗೋಣಿಚೀಲದ ತಳದಲ್ಲಿ ಉಳಿದ ಕಾಳುಮೆಣಸು. ಅಂಗಳದಲ್ಲಿ ಇನ್ನೂ ಹಾವಸೆ ಇದೆ, ಕಾಲಿಟ್ಟರೆ ಜಾರುತ್ತದೆ. ಹಾಗಾಗಿ ಕಲ್ಲುಕಟ್ಟೆಯ ಮೇಲೆ, ಬೇಲಿಯ ಮೇಲೆ, ದಣಪೆಯ ಮೇಲೆ ಎಲ್ಲೆಂದರಲ್ಲಿ ಚಾಪೆ, ಹಳೆ ಸೀರೆ ಹಾಸಿ ಹರವಿರುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟುತ್ತದೆ. ಊಟ ಮುಗಿಸಿ ಮಗ್ಗುಲಾದವರೆಲ್ಲ ಎದ್ದು ಓಡುತ್ತಾರೆ. ಐದು ನಿಮಿಷದಲ್ಲಿ ಅಂಗಳ ಖಾಲಿ.

ಈ ಓಡಾಟವೇ ಆ ತಿಂಗಳ ಮೊದಲ ಉಳಿತಾಯ. ಬಿಸಿಲು ತಾಗಿದ ಅಕ್ಕಿ ಇನ್ನೆರಡು ತಿಂಗಳು ಬರುತ್ತದೆ, ತಾಗದ ಅಕ್ಕಿ ದನದ ಪಾಲಾಗುತ್ತದೆ. ಒಣಗಿದ ಮೆಣಸು ಕೈಯಲ್ಲಿರುವ ಕಾಸು. ಮೂಲೆಯಲ್ಲಿ ತೇವ ಹಿಡಿದು ಕಪ್ಪಾಗಿ ಮುದ್ದೆಯಾದ ಮೆಣಸಿಗೆ ಅಂಗಡಿಯಲ್ಲಿ ದರ ಹೇಳುವವರಿಲ್ಲ.

ಹೊರಗಿನವರ ಕಣ್ಣಿಗೆ ಅಡಿಕೆ ತೋಟದ ಮನೆಯೆಂದರೆ ಅನುಕೂಲಸ್ಥರ ಮನೆ. ಎಕರೆಗಟ್ಟಲೆ ಇದ್ದವರ ಮಾತು ಬೇರೆ. ಒಂದೆಕರೆ, ಮುಕ್ಕಾಲು ಎಕರೆಯ ಮನೆಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಭಾದ್ರಪದ ಮತ್ತು ಆಶ್ವೀಜ ಕೈ ಬಿಗಿಯ ಕಾಲ. ಕಾರಣ ಸರಳ. ದುಡ್ಡು ಬರುವುದು ವರ್ಷಕ್ಕೊಮ್ಮೆ, ಖರ್ಚು ದಿನಾ. ಹಿಂದಿನ ಬೆಳೆಯ ಅಡಿಕೆ ಬೇಸಿಗೆಯೊಳಗೆ ಮಾರಾಟವಾಗಿ ಮುಗಿದಿರುತ್ತದೆ. ಜೂನ್‌ನಲ್ಲಿ ಮಕ್ಕಳ ಫೀಸು, ಪುಸ್ತಕ, ಕೊಡೆ. ಆಮೇಲೆ ಕೊಳೆರೋಗದ ಔಷಧಿ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಮಳೆಗಾಲದಲ್ಲಿ ಎರಡು ಸಲವಾದರೂ ಹೊಡೆಸಲೇಬೇಕು, ಮಳೆ ಜೋರಾದರೆ ಮೂರು ಸಲ. ಮರ ಹತ್ತುವ ಕೊನೆಗೌಡನ ಕೂಲಿ ಬೇರೆ. ನಾಗರಪಂಚಮಿ, ಚೌತಿ ಮುಗಿಯುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತದೆ. ಹೊಸ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಪೇಟೆಗೆ ಹೋಗುವುದು ದೀಪಾವಳಿಯ ಆಚೆಗೆ. ನಡುವಿನ ಈ ಎರಡು ತಿಂಗಳಲ್ಲೇ ಪಿತೃಪಕ್ಷ ಬರುತ್ತದೆ, ನವರಾತ್ರಿ ಬರುತ್ತದೆ, ನೆಂಟರೂ ಬರುತ್ತಾರೆ.

ಇಲ್ಲಿನವರಿಗೆ ಒಂದು ಆಸರೆ ಇದೆ, ಸೊಸೈಟಿ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ 1923ರಲ್ಲಿ ಹುಟ್ಟಿತು. ಎಲ್ಲರ ಬಾಯಲ್ಲೂ ಅದು ಟಿಎಸ್ಎಸ್. ಬೆಳೆಗಾರ ತನ್ನ ಅಡಿಕೆಯನ್ನು ಸಂಘದ ಮೂಲಕ ಮಾರಿ, ಬೇಕಾದ ಸಾಮಾನನ್ನೂ ಅಲ್ಲಿಯೇ ಕೊಳ್ಳುವ ವ್ಯವಸ್ಥೆ ಈ ಸೀಮೆಯ ಬದುಕನ್ನು ನೂರು ವರ್ಷದಿಂದ ಹಿಡಿದು ನಿಲ್ಲಿಸಿದೆ. ಊರೂರಿನ ಸೇವಾ ಸಹಕಾರಿ ಸಂಘದಲ್ಲಿ ಬೆಳೆಸಾಲವೂ ಸಿಗುತ್ತದೆ. ಆದರೆ ಲೆಕ್ಕ ಬಲ್ಲ ಮನೆಯವರು ಈಗ ಬರೆಸಿದ ಪ್ರತಿ ಸಾಮಾನೂ ಮುಂದಿನ ಅಡಿಕೆಯಲ್ಲಿ ಕಳೆಯುತ್ತದೆಂದು ಬಲ್ಲರು. ಎಣ್ಣೆ, ಸಕ್ಕರೆ, ಬೇಳೆ, ಚಹಾಪುಡಿ, ಉಪ್ಪು ಇಷ್ಟು ಬರೆದು ಚೀಟಿ ಮಡಚುತ್ತಾರೆ. ಉಳಿದುದನ್ನು ಹಿತ್ತಲು ಕೊಡಬೇಕು.

ಪಿತೃಪಕ್ಷದ ಹದಿನೈದು ದಿನ ಹೊಸ ಬಟ್ಟೆ ಇಲ್ಲ, ಚಿನ್ನ ಇಲ್ಲ, ಗಾಡಿ ಇಲ್ಲ, ಮದುವೆ ಮುಂಜಿ ಇಲ್ಲ. ಹೊಸತನ್ನು ಮನೆಗೆ ತರಬಾರದೆಂಬುದು ರೂಢಿ. ಬಟ್ಟೆಯಂಗಡಿಗಳವರು ಜಗಲಿಗೆ ಬಂದು ಕೂರುವ ಕಾಲ ಅದು. ಈ ರೂಢಿಯ ಹಿಂದೆ ಹಿರಿಯರ ನೆನಪಿನ ಗೌರವವಿದೆ. ಖರ್ಚಿನ ದೃಷ್ಟಿಯಿಂದ ನೋಡಿದರೂ ಕಣಜ ಬರಿದಾಗುವ ಹೊತ್ತಿಗೆ ಸರಿಯಾಗಿ ಇಂಥದೊಂದು ಕಟ್ಟು ಬಿದ್ದಿರುವುದು ಮನೆಗೆ ಒಳ್ಳೆಯದೇ. ಶ್ರಾದ್ಧದಡುಗೆಗೆ ಈರುಳ್ಳಿ ನಿಷಿದ್ಧ. ಹಳೆಯ ದಾಸ್ತಾನು ಮುಗಿಯುತ್ತ ಬಂದು, ಹೊಸ ಬೆಳೆ ಪೂರ್ತಿ ಬಾರದ ಈ ದಿನಗಳಲ್ಲಿ ಈರುಳ್ಳಿ ದರ ಏರುವುದು ಹೆಚ್ಚು. ಈರುಳ್ಳಿ ತಿನ್ನದ ಮನೆಗೆ ಆ ಬಿಸಿ ತಟ್ಟುವುದಿಲ್ಲ.

ಅಡುಗೆಮನೆಗೆ ಬಂದರೆ ಮೊದಲು ತಲೆ ಎತ್ತಿ ನೋಡಬೇಕು. ಅಟ್ಟದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿದ ಮೊಗೆಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಒಂದಕ್ಕೊಂದು ತಾಗದಂತೆ, ನೆಲ ಮುಟ್ಟದಂತೆ ಗಾಳಿಯಲ್ಲಿ ತೂಗುಬಿಟ್ಟ ಈ ಸೌತೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕರೆಂಟು ಬೇಡ, ಫ್ರಿಜ್ಜು ಬೇಡ. ತಿರುಳು ಹುಳಿಗೆ, ಒಳಗಿನ ನೀರು ದೋಸೆಹಿಟ್ಟಿಗೆ, ಬೀಜ ಬೂದಿಯಲ್ಲಿ ಹೊರಳಿಸಿ ಮುಂದಿನ ವರ್ಷಕ್ಕೆ. ಮೂಲೆಯ ಜಾಡಿಯಲ್ಲಿ ಉಪ್ಪುನೀರಿನಲ್ಲಿ ಮುಳುಗಿದ ಮಾವಿನಮಿಡಿ ಇರುತ್ತದೆ. ನಾಲ್ಕು ಮಿಡಿ ಕಿವುಚಿ ನೀರು ಬೆರೆಸಿ, ಸೂಜಿಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಬೇಳೆ ಇಲ್ಲ, ಕಾಯಿ ಇಲ್ಲ, ಒಲೆ ಹೆಚ್ಚು ಉರಿಯಬೇಕಾಗಿಯೂ ಇಲ್ಲ. ಹೊಟ್ಟೆತುಂಬ ಅನ್ನ ಸೇರುತ್ತದೆ.

ತಂಬುಳಿಯದಂತೂ ದೊಡ್ಡ ಸಂಸಾರ. ಒಂದೆಲಗ, ದೊಡ್ಡಪತ್ರೆ, ಪೇರಲೆ ಕುಡಿ, ಒಣಗಿಸಿಟ್ಟ ದಾಳಿಂಬೆ ಸಿಪ್ಪೆ. ಯಾವುದನ್ನಾದರೂ ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸಿನಕಾಳಿನ ಜೊತೆ ಬಾಡಿಸಿ, ಚೂರು ಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವ ಕೆಲಸವೇ ಇಲ್ಲ. ತರಕಾರಿಗೆ ದುಡ್ಡಿಲ್ಲದ ದಿನದ ಅಡುಗೆಯಿದು ಎಂದು ಯಾರೂ ಮುಖ ಸಿಂಡರಿಸುವುದಿಲ್ಲ. ಮದುವೆ ಮನೆಯ ಎಲೆಯ ಮೇಲೂ ತಂಬುಳಿ ಬೀಳುತ್ತದೆ. ಬಡತನದ ಅಡುಗೆಗೂ ಹಬ್ಬದ ಅಡುಗೆಗೂ ನಡುವೆ ಗೋಡೆ ಕಟ್ಟದ ಈ ಗುಣವೇ ಮಲೆನಾಡಿನ ಮಿತವ್ಯಯವನ್ನು ಕಾಪಾಡಿದೆ ಎಂಬುದು ನನ್ನ ನಂಬಿಕೆ. ನಾಚಿಕೆಪಟ್ಟು ಮಾಡುವ ಉಳಿತಾಯ ಹೆಚ್ಚು ದಿನ ನಿಲ್ಲುವುದಿಲ್ಲ.

ಮಳೆಗಾಲದ ಹೀರೆ ಚಪ್ಪರ ಈಗ ಮುಗಿಯುವ ಹಂತದಲ್ಲಿದೆ. ಕೊನೆಯ ಕಾಯಿಗಳು ಸ್ವಲ್ಪ ಬಲಿತೇ ಕೈಗೆ ಸಿಗುತ್ತವೆ. ಸೊಸೆ ಹೆರೆದ ಸಿಪ್ಪೆಯನ್ನು ಗುಡ್ಡೆ ಮಾಡಿ ಏಳುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಹೇಳುತ್ತಾರೆ: “ತಂಗಿ, ಆ ಸಿಪ್ಪೆ ಚೆಲ್ಲಡ, ಚಟ್ನಿಗೆ ಆಗ್ತು.” ಎಣ್ಣೆಯಲ್ಲಿ ಹುರಿದು ಉದ್ದಿನಬೇಳೆ, ಒಣಮೆಣಸು, ಹುಣಸೆಹುಳಿ ಸೇರಿಸಿ ರುಬ್ಬಿದ ಆ ಚಟ್ನಿಯ ಎದುರು ಪಲ್ಯ ಸಪ್ಪೆಯೆನಿಸುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ ಇನ್ನೂ ಒಂದಿಷ್ಟಿದ್ದರೆ ಹುಳಿಗೆ ಬೇಳೆಯ ಪಾಲು ಕಡಿಮೆಯಾಗುತ್ತದೆ. ಗೊನೆ ಕಡಿದ ಬಾಳೆಯ ದಿಂಡು ಪಲ್ಯವಾಗುತ್ತದೆ, ಹೂವು ಚಟ್ನಿಯಾಗುತ್ತದೆ. ದನಕ್ಕೆ ಬೇಯಿಸಿದ ಹುರುಳಿಯ ಕಟ್ಟು ಮೊದಲು ಮನುಷ್ಯರಿಗೆ ಸಾರು, ಕಾಳು ಕೊಟ್ಟಿಗೆಗೆ. ಅಕ್ಕಿ ತೊಳೆದ ನೀರು, ಗಂಜಿತಿಳಿ, ಉಳಿದ ಸಿಪ್ಪೆಗಳು ಅಕ್ಕಚ್ಚಿನ ಬಾನಿಗೆ. ಕೊಟ್ಟಿಗೆಯಿಂದ ಸಗಣಿ ಗೋಬರ್ ಗ್ಯಾಸಿನ ಗುಂಡಿಗೆ, ಅಲ್ಲಿಂದ ಉರಿ ಮತ್ತೆ ಒಲೆಗೆ, ಬಗ್ಗಡ ತೋಟಕ್ಕೆ. ಗೋಬರ್ ಗ್ಯಾಸ್ ಇರುವ ಮನೆಯಲ್ಲಿ ಸಿಲಿಂಡರ್ ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಕಾಯಿಯ ವಿಷಯ ಮಾತ್ರ ಕಷ್ಟದ್ದು. ಈ ಸೀಮೆಯ ಅಡುಗೆ ನಿಂತಿರುವುದೇ ತೆಂಗಿನಕಾಯಿಯ ಮೇಲೆ. 2025ರಲ್ಲಿ ಕಾಯಿ, ಕೊಬ್ಬರಿ ಎಣ್ಣೆ ಎರಡರ ದರವೂ ಕಂಡುಕೇಳದಷ್ಟು ಏರಿದಾಗ, ಮರವಿದ್ದವರು ಕಾಯಿ ಮಾರಲು ಹೊರಟರು, ಮರವಿಲ್ಲದವರು ದಿನಕ್ಕೊಂದು ಕಡಿಯಲ್ಲಿ ಅಡುಗೆ ಮುಗಿಸುವುದನ್ನು ಕಲಿತರು. ಕಾಯಿ ಬೇಕಾದಲ್ಲಿ ಹುರಿದ ಎಳ್ಳು ಬಂತು. ಹುಳಿ ಇದ್ದ ದಿನ ಚಟ್ನಿ ನಿಂತಿತು. ಗೊಜ್ಜು, ಸಾರುಗಳು ಮತ್ತೆ ಮುಂದೆ ಬಂದವು.

ಬಚ್ಚಲ ಒಲೆಯ ಬಾಯಲ್ಲಿ ಅಡಿಕೆಯ ಒಣ ಸೋಗೆ, ಹಾಳೆ, ತೆಂಗಿನ ಸಿಪ್ಪೆ. ಸ್ನಾನದ ನೀರಿಗೆ ಪೈಸೆ ಖರ್ಚಿಲ್ಲ. ತಲೆಗೆ ಮತ್ತಿ ಸೊಪ್ಪಿನದೋ ದಾಸವಾಳದ ಸೊಪ್ಪಿನದೋ ಗೊಂಪು. ಬಲಿತ ತುಪ್ಪಹೀರೆ ಒಣಗಿ ಮೈಯುಜ್ಜುವ ನಾರಾಗುತ್ತದೆ. ಹರಿದ ಸೀರೆ ಕೈಮಸಿ, ಆಮೇಲೆ ನೆಲ ಒರೆಸುವ ಬಟ್ಟೆ.

ಗೀಜರ್ ಇದ್ದ ಮನೆಯಲ್ಲೂ ಈಚೆಗೆ ಬಚ್ಚಲ ಒಲೆ ಮತ್ತೆ ಹೊತ್ತಿದೆ. ಅದಕ್ಕೆ ಕಾರಣ 2023ರಲ್ಲಿ ಬಂದ ಗೃಹಜ್ಯೋತಿ. ಯೋಜನೆಗೆ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಅಷ್ಟು ಯೂನಿಟ್ ಉಚಿತ. ಅದು ದಾಟಿದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಮೀಟರಿನ ಅಂಕಿಯನ್ನು ಓದಲು ಮನೆಯ ಮಕ್ಕಳೂ ಕಲಿತಿದ್ದಾರೆ. ಅದೇ ವರ್ಷದ ಶಕ್ತಿ ಯೋಜನೆಯಿಂದ ಸಂತೆಯ ಕೆಲಸವೂ ಕೈ ಬದಲಾಯಿಸಿತು. ಗಂಡಸು ಬೈಕಿನಲ್ಲಿ ಹೋದರೆ ಪೆಟ್ರೋಲು, ಹೋಟೆಲಿನ ಚಹಾ, ಅವಲಕ್ಕಿ. ಹೆಂಗಸು ಸರ್ಕಾರಿ ಬಸ್ಸಿನಲ್ಲಿ ಹೋದರೆ ಟಿಕೆಟ್ ಇಲ್ಲ, ಚೀಟಿಯಲ್ಲಿ ಬರೆದುದಕ್ಕಿಂತ ಹೆಚ್ಚು ಸಾಮಾನೂ ಇಲ್ಲ. ಬಸ್ಸು ಬಾರದ ಒಳಹಳ್ಳಿಗಳವರಿಗೆ ಮಾತ್ರ ಈ ಭಾಗ್ಯವಿಲ್ಲ. ಅವರು ಮುಖ್ಯರಸ್ತೆಯವರೆಗೆ ಮೈಲಿಗಟ್ಟಲೆ ನಡೆಯಬೇಕು.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಾಬೂನು, ಶಾಂಪೂ, ಟೂತ್‌ಪೇಸ್ಟ್‌ಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತಿಂಗಳ ಸಾಮಾನಿನಲ್ಲಿ ಅದು ಒಂದಿಷ್ಟು ಉಳಿಸಿಕೊಟ್ಟಿದ್ದು ನಿಜ. ಆದರೆ ಪೇಟೆಯ ಅಂಗಡಿಗಳು ಆ ವಾರ ಕರೆದದ್ದು ಸಾಬೂನಿಗಲ್ಲ, ದೊಡ್ಡ ಟಿವಿಗೆ, ಹೊಸ ಗಾಡಿಗೆ. ಕೊನೆ ಕೊಯ್ಯುವ ಮುಂಚೆಯೇ ಅಡಿಕೆಯ ದುಡ್ಡನ್ನು ಕಂತಿಗೆ ಬರೆದುಕೊಟ್ಟ ಮನೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಆ ಮನೆಗಳಲ್ಲಿ ತಂಬುಳಿಯಿಂದ ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ.

ತೋಟದ ಅಂಚಿನಲ್ಲಿ ಇನ್ನೊಂದು ಮನೆಯಿದೆ. ಕೂಲಿಯವರ ಮನೆ. ಅಲ್ಲಿ ತೂಗುಬಿಡಲು ಮೊಗೆಕಾಯಿ ಇಲ್ಲ, ಯಾಕೆಂದರೆ ಬಳ್ಳಿ ಹಬ್ಬಿಸಲು ಜಾಗವಿಲ್ಲ. ಮಳೆ ಹಿಡಿದ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಸಂಬಳವಿಲ್ಲ. ರೇಷನ್ ಅಕ್ಕಿ, ಗೃಹಲಕ್ಷ್ಮಿಯ 2,000 ರೂಪಾಯಿ, ಸ್ವಸಹಾಯ ಸಂಘದ ಸಾಲ, ಅದರ ವಾರದ ಕಂತು. ಇಷ್ಟರಲ್ಲೇ ತಿಂಗಳು ಹೋಗಬೇಕು. ಆ ಮನೆಯ ಹೆಂಗಸು ಕೆಲಸ ಮುಗಿಸಿ ಹೋಗುವಾಗ ಗದ್ದೆ ಬದುವಿನಲ್ಲಿ ಸೊಪ್ಪು ಕೊಯ್ದು ಸೆರಗಿಗೆ ಹಾಕಿಕೊಳ್ಳುತ್ತಾಳೆ. ಯಾವ ಕುಡಿ ತಿನ್ನಬಹುದು, ಯಾವುದು ಬಾಯಿ ತುರಿಸುತ್ತದೆ, ಯಾವುದನ್ನು ಹುಳಿ ಹಾಕಿ ಬೇಯಿಸಬೇಕು ಎಂಬ ಜ್ಞಾನ ಅವಳಲ್ಲಿರುವಷ್ಟು ತೋಟದ ಮನೆಯವರಲ್ಲೂ ಇಲ್ಲ. ಆಶ್ವೀಜದ ಹುಣ್ಣಿಮೆಯಂದು, ಭೂಮಿಹುಣ್ಣಿಮೆಯ ಹಬ್ಬಕ್ಕೆ, ಹಲವು ಬಗೆಯ ಸೊಪ್ಪು ಕಲೆಹಾಕಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆ ಚೆಲ್ಲಿ ಬರುತ್ತಾರಲ್ಲ, ಆ ಸೊಪ್ಪುಗಳನ್ನು ಗುರುತಿಸುವ ಕೈಗಳು ಇವೇ. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಆ ಅಡುಗೆ ಗದ್ದೆಗೆ ಹೋಗುತ್ತದೆ. ಅಂಗಡಿಯಿಂದ ಹೆಚ್ಚೇನೂ ತಾರದೆ ಮಾಡುವ ಹಬ್ಬಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದನ್ನು ನಾನು ಕಂಡಿಲ್ಲ. ಕೂಲಿಯ ಮನೆಯ ಕೈ ಬಿಗಿತವನ್ನು ತೋಟದ ಮನೆಯ ಮಿತವ್ಯಯದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ಮನೆ ಬೇಡವೆಂದು ಬಿಡುತ್ತದೆ, ಇನ್ನೊಂದಕ್ಕೆ ಬಿಡಲು ಏನೂ ಇರುವುದಿಲ್ಲ.

ಎರಡೂ ಮನೆಗಳಲ್ಲಿ ಸಮನಾಗಿರುವುದು ಒಂದೇ. ಉಳಿಸುವ ಕೆಲಸ ಹೆಂಗಸಿನದು. ಸಿಪ್ಪೆ ಚಟ್ನಿಯಾಗಲು ಹೊತ್ತು ಬೇಕು. ಸೊಪ್ಪು ಬಿಡಿಸಿ ತೊಳೆಯಲು ಹೊತ್ತು ಬೇಕು. ಅಕ್ಕಿ ಒಣಗಿಸಿ ಗೇರಿ ಹುಳ ತೆಗೆಯಲು ಬೆಳಗ್ಗೆಯೆಲ್ಲ ಬೇಕು. ಬೀಜ ಒಣಗಿಸಿ, ಬೂದಿ ಬೆರೆಸಿ, ಡಬ್ಬಿಗೆ ತುಂಬಿ ಜೋಪಾನ ಮಾಡಿ, ನೆರೆಮನೆಯವಳಿಗೊಂದು ಹಿಡಿ ಕೊಟ್ಟು ಅವಳ ಬೀಜ ತರುವ ವ್ಯವಹಾರ ಶಿರಸಿ ಸೀಮೆಯಲ್ಲಿ ಇವತ್ತಿಗೂ ಹೆಂಗಸರ ಕೈಯಲ್ಲಿದೆ. ವನಸ್ತ್ರೀಯಂಥ ಬಳಗ ಈ ಬೀಜದ ಕೆಲಸಕ್ಕೆ ಒಂದು ಗೌರವದ ಜಾಗ ಮಾಡಿಕೊಟ್ಟಿದೆ. ಆದರೆ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಅಡಿಕೆಗೆ ಪುಟವಿದೆ, ಮೆಣಸಿಗೆ ಪುಟವಿದೆ, ಹಿತ್ತಲಿಗೆ ಪುಟವಿಲ್ಲ. ಪೇಟೆಯಿಂದ ತಾರದ ತರಕಾರಿ, ತಾರದ ಸೋಪು, ತುಂಬಿಸದ ಸಿಲಿಂಡರು ಗಳಿಕೆಯೇ ಅಲ್ಲವೆ? ಗಳಿಸಿದವಳ ಹೆಸರು ಎಲ್ಲಿಯೂ ಬೀಳುವುದಿಲ್ಲ. ಎರಡು ತಿಂಗಳು ಮನೆಯನ್ನು ಹೊತ್ತು ದಾಟಿಸಿದವಳು ಕೊಯ್ಲು ಬಂದ ಮೇಲೆ ಕೆಲಸದವರ ಅಡುಗೆಗೆ ನಿಲ್ಲುತ್ತಾಳೆ.

ಬಚ್ಚಲ ಒಲೆ ಪುಕ್ಕಟೆಯೆಂದು ನಾವೆಲ್ಲ ಹೇಳುತ್ತೇವೆ. ಮಳೆಗಾಲದಲ್ಲಿ ಅರೆ ಒಣಗಿದ ಸೋಗೆಯ ಹೊಗೆ ಕುಡಿಯುವವರು ಯಾರು ಎಂದು ಕೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹೊಗೆ ಕಡಿಮೆ ಮಾಡಿ ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿಕೊಟ್ಟು ದಶಕಗಳೇ ಕಳೆದಿವೆ. ಹೊಗೆ ಕೊಳವೆಯಿರುವ ಒಲೆ ಹಾಕಿಸುವುದು ಇಂದು ಕಷ್ಟದ ಕೆಲಸವಲ್ಲ, ಒಂದು ಒಳ್ಳೆಯ ಮೊಬೈಲಿನಷ್ಟು ಖರ್ಚೂ ಬರುವುದಿಲ್ಲ.

ತೋಟದ ಮನೆಯ ಯಜಮಾನರಲ್ಲಿ ನನ್ನದೊಂದು ವಿನಂತಿ. ಈ ವರ್ಷ ಮೊದಲ ಕೊಯ್ಲಿನ ಅಡಿಕೆ ಮಾರಿ ಬಂದ ದಿನ ಬೇರೆ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತುವ ಮುಂಚೆ ಆ ಹೊಗೆ ಕೊಳವೆಯ ಒಲೆಗೆ ದುಡ್ಡು ಎತ್ತಿಡಿ. ಅಂಗಳದಲ್ಲಿ ಅಕ್ಕಿ ಒಣಗಿಸಲು ಒಂದು ಗಟ್ಟಿ ತಾಡಪಾಲು ತನ್ನಿ. ಜಮಾಖರ್ಚಿನ ಪುಸ್ತಕದಲ್ಲಿ ಹಿತ್ತಲಿಗೊಂದು ಪುಟ ತೆರೆದು, ಅದನ್ನು ಮನೆಯಾಕೆಯ ಕೈಯಲ್ಲೇ ಬರೆಸಿ.