ಯಂತ್ರದ ನಾಡಿ ಹಿಡಿಯುವವರು

ಮನುಷ್ಯರಿಗೆ ಜ್ವರ ಬರುವ ಹಾಗೆ ಯಂತ್ರಗಳಿಗೂ ಜ್ವರ ಬರುತ್ತದೆ. ಮೈ ಬಿಸಿಯಾಗುತ್ತದೆ, ನಡುಕ ಹುಟ್ಟುತ್ತದೆ, ದನಿ ಒಡೆಯುತ್ತದೆ. ಆಗಲೇ ಯಾರಾದರೂ ಗಮನಿಸಿದರೆ ಸಣ್ಣ ರಿಪೇರಿಯಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಒಂದು ದಿನ ತಟಕ್ಕನೆ ನಿಂತು ವಾರದ ಕೆಲಸವನ್ನೆಲ್ಲ ಕೆಡಿಸುತ್ತದೆ. ಹಿಂದೆ ಈ ಜ್ವರವನ್ನು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಕಂಡುಹಿಡಿಯುತ್ತಿದ್ದರು. ಈಗ ಅದಕ್ಕೆಂದೇ ಬೆಂಕಿಪೊಟ್ಟಣದಷ್ಟು ಪುಟ್ಟ ಸಾಧನವೊಂದು ಬಂದಿದೆ. ಅದು ಯಂತ್ರದ ಮೈಗೆ ಅಂಟಿಕೊಂಡು ಕೂತು, ಹಗಲೂ ರಾತ್ರಿ ನಾಡಿ ನೋಡಿ, ತಂತಿಯಿಲ್ಲದೆಯೇ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತಿರುತ್ತದೆ.

ಇದನ್ನು ನಾನು ಕಂಡಿದ್ದು ಬೆಂಗಳೂರಿನ ಪೀಣ್ಯದಲ್ಲಿ, ನನ್ನ ತಂಗಿಯ ಮಗನ ಶೆಡ್ಡಿನಲ್ಲಿ. ಪೀಣ್ಯ ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಾಲ ಪಡೆದ ಸಣ್ಣ ಕಾರ್ಖಾನೆಗಳ ದಾಸ್ತಾನು ತಪಾಸಣೆಗೆ ಅಧಿಕಾರಿಗಳ ಹಿಂದೆ ಸ್ಕೂಟರಿನಲ್ಲಿ ಕೂತು ಅಲ್ಲಿಗೆ ಹೋಗುತ್ತಿದ್ದೆ. ಎಣ್ಣೆಯ ವಾಸನೆ, ಕಬ್ಬಿಣದ ಸುರುಳಿ ಚೂರು, ಕಿವಿ ತುಂಬುವ ಸದ್ದು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿಯಲ್ಲಿ ಕೆಲಸ ಕಲಿತವರು ಆ ಶೆಡ್ಡುಗಳಲ್ಲಿ ಬೇಕಾದಷ್ಟು ಜನ ಸಿಗುತ್ತಿದ್ದರು.

ಸೋದರಳಿಯನ ಬಳಿ ಮೂರು ಸಿಎನ್‌ಸಿ ಯಂತ್ರಗಳಿವೆ. ಎಷ್ಟು ಕೊರೆಯಬೇಕು, ಎಲ್ಲಿ ಕೊರೆಯಬೇಕು ಎಂಬುದನ್ನು ಅಂಕಿಗಳಲ್ಲಿ ಬರೆದುಕೊಟ್ಟರೆ ಅದರಂತೆ ಕಬ್ಬಿಣ ಕಡೆಯುವ ಯಂತ್ರಗಳಿವು. ಜೊತೆಗೆ ಎರಡು ಹಳೆಯ ಲೇತುಗಳು, ಹನ್ನೊಂದು ಜನ. ಅವರಲ್ಲಿ ಹಿರಿಯರು ಒಬ್ಬ ಮೇಸ್ತ್ರಿ. ಅವರಿಗೊಂದು ವಿದ್ಯೆ ಗೊತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಯಂತ್ರದ ಬೇರಿಂಗಿನ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಇಟ್ಟುಕೊಳ್ಳುತ್ತಾರೆ. ಕಬ್ಬಿಣದ ಮೂಲಕ ಒಳಗಿನ ಸದ್ದು ನೇರವಾಗಿ ಕಿವಿಗೆ ಬರುತ್ತದೆ, ಥೇಟ್ ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ. (ಮಕ್ಕಳೇ, ಇದನ್ನು ನೀವು ಮಾಡಲು ಹೋಗಬೇಡಿ. ತಿರುಗುವ ಯಂತ್ರದ ಹತ್ತಿರ ತಲೆ ಒಯ್ಯುವುದು ಪಳಗಿದವರಿಗೂ ಅಪಾಯದ ಕೆಲಸ.)

ಆ ಪುಟ್ಟ ಸಾಧನ ಮಾಡುವುದೂ ಇದನ್ನೇ. ಅದಕ್ಕೆ ಸೆನ್ಸರ್ ಎಂದು ಹೆಸರು. ಬೇರಿಂಗ್ ಎಂದರೆ ಎರಡು ಉಕ್ಕಿನ ಬಳೆಗಳ ನಡುವೆ ಉರುಳುವ ಗುಂಡುಗಳು. ಬಳೆಯ ಮೇಲೆ ಸಾಸಿವೆಯಷ್ಟು ಗುಳಿ ಬಿದ್ದರೂ ಪ್ರತಿಯೊಂದು ಗುಂಡು ಅದನ್ನು ದಾಟುವಾಗ ಒಮ್ಮೆ ಕುಟುಕುತ್ತದೆ. ಸೈಕಲ್ ಚಕ್ರದ ಕಡ್ಡಿಗಳಿಗೆ ರಟ್ಟಿನ ಚೂರು ತಾಗುವಂತೆ ಸಿಕ್ಕಿಸಿದರೆ ಟರ್ ಟರ್ ಅನ್ನುತ್ತದಲ್ಲ, ಹಾಗೆ. ಚಕ್ರ ಜೋರಾಗಿ ತಿರುಗಿದಷ್ಟೂ ಸದ್ದು ಬೇಗ ಬೇಗ. ಸೆನ್ಸರ್ ಒಂದು ಸೆಕೆಂಡಿನಲ್ಲಿ ಸಾವಿರಾರು ಬಾರಿ ನಡುಕವನ್ನು ಅಳೆಯುತ್ತದೆ. ಯಾವ ನಡುಕ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ಕಂಪ್ಯೂಟರ್ ಬೇರ್ಪಡಿಸುತ್ತದೆ. ಗುಂಡುಗಳ ಸಂಖ್ಯೆ, ಯಂತ್ರ ತಿರುಗುವ ವೇಗ ಇವೆಲ್ಲ ಗೊತ್ತಿರುವುದರಿಂದ, ಪೆಟ್ಟು ಬಿದ್ದಿರುವುದು ಒಳಬಳೆಗೋ ಹೊರಬಳೆಗೋ ಎಂದು ಬಿಚ್ಚದೆಯೇ ಊಹಿಸಬಹುದು.

ಯಂತ್ರ ತಾನೇ ತನ್ನ ತೊಂದರೆ ಹೇಳಿಕೊಳ್ಳಬೇಕೆಂಬ ಆಸೆ ಇಂದಿನದಲ್ಲ. ಜಪಾನಿನ ಸಾಕಿಚಿ ಟೊಯೋಡಾ ಎಂಬುವರು ಮಗ್ಗಗಳನ್ನು ಮಾಡುತ್ತಿದ್ದರು. ನೂಲು ಹರಿದರೆ ತಾನಾಗಿಯೇ ನಿಲ್ಲುವ ಮಗ್ಗ ಅವರದು. ಅದಕ್ಕಿಂತ ಮೊದಲು, ಹರಿದ ನೂಲನ್ನು ಯಾರೂ ನೋಡದಿದ್ದರೆ ಮಗ್ಗ ಕೆಟ್ಟ ಬಟ್ಟೆಯನ್ನೇ ನೇಯುತ್ತಾ ಹೋಗುತ್ತಿತ್ತು. 1924ರಲ್ಲಿ ಅವರ ಪ್ರಸಿದ್ಧ ಸ್ವಯಂಚಾಲಿತ ಮಗ್ಗ ಪೂರ್ಣಗೊಂಡಿತು. ಆ ಮನೆತನವೇ ಮುಂದೆ ಟೊಯೋಟಾ ಕಾರು ಶುರುಮಾಡಿದ್ದು. ಕಾರಿನ ಕಾರ್ಖಾನೆಗೂ ಅದೇ ನಿಯಮ ಬಂತು. ದೋಷ ಕಂಡ ಕೆಲಸಗಾರ ಹಗ್ಗ ಎಳೆಯಬಹುದು, ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರಬೇಕು. ಆ ದೀಪಕ್ಕೆ ಅವರು ಆಂಡಾನ್ ಎನ್ನುತ್ತಾರೆ. ಜಪಾನಿನಲ್ಲಿ ಅದು ಹಳೆಯ ಕಾಲದ ಕಾಗದದ ಲಾಂದ್ರದ ಹೆಸರು. ಎಲ್ಲಕ್ಕಿಂತ ಕಿರಿಯ ಕೆಲಸಗಾರನಿಗೂ ಇಡೀ ಸಾಲನ್ನು ನಿಲ್ಲಿಸುವ ಅಧಿಕಾರ ಕೊಟ್ಟಿದ್ದು, ನನ್ನ ಮಟ್ಟಿಗೆ, ಸೆನ್ಸರಿಗಿಂತ ದೊಡ್ಡ ಆವಿಷ್ಕಾರ.

ವಸ್ತುಗಳು ತಂತಿಯ ಮೂಲಕ ಸುದ್ದಿ ಹೇಳಿದ ಹಳೆಯ ಉದಾಹರಣೆಯೊಂದು ಮಾತ್ರ ತಮಾಷೆಯದು. 1982ರ ಸುಮಾರಿಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೆಲವರು ಕೋಕಾಕೋಲಾ ಮಾರುವ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿದರು. ಅಷ್ಟು ದೂರ ನಡೆದು ಹೋದಮೇಲೆ ಬಾಟಲಿ ಖಾಲಿ ಅಥವಾ ಬೆಚ್ಚಗೆ ಇರಬಾರದಲ್ಲ! ಕೂತಲ್ಲಿಂದಲೇ ವಿಚಾರಿಸಿಕೊಂಡು ಹೋಗುತ್ತಿದ್ದರು. ಸೋಮಾರಿತನದಿಂದಲೂ ವಿಜ್ಞಾನ ಬೆಳೆಯುತ್ತದೆ ಎಂದು ನನ್ನ ಮೊಮ್ಮಗ ಈಗ ಅದನ್ನೇ ಉದಾಹರಣೆ ಕೊಡುತ್ತಾನೆ. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಇಂಥ ಕಾರ್ಖಾನೆಗಳಿಗೆ ‘ಇಂಡಸ್ಟ್ರಿ 4.0’ ಎಂಬ ಹೆಸರು ಬಿತ್ತು. ಉಗಿ, ವಿದ್ಯುತ್ತು, ಕಂಪ್ಯೂಟರ್ ಆದಮೇಲೆ ಇದು ನಾಲ್ಕನೆಯ ಮಜಲಂತೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥದೊಂದು ‘ಸ್ಮಾರ್ಟ್ ಫ್ಯಾಕ್ಟರಿ’ ಪ್ರಯೋಗ ನಡೆದಿದೆ.

ಶೆಡ್ಡಿಗೆ ಮರಳೋಣ. ಸೆನ್ಸರುಗಳ ಜೊತೆ ಗೋಡೆಗೆ ಒಂದು ಟಿವಿ ಪರದೆಯೂ ಬಂತು. ಯಂತ್ರ ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ದಿನದ ಕೊನೆಗೆ ಒಂದು ಅಂಕಿ. ಆ ಅಂಕಿಯ ಲೆಕ್ಕ ನನಗೆ ಬಹಳ ಹಿಡಿಸಿತು, ಮಕ್ಕಳೂ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಎಂಟು ಗಂಟೆಯ ಶಿಫ್ಟ್ ಎಂದರೆ 480 ನಿಮಿಷ. ಯಂತ್ರ ಅದರಲ್ಲಿ ಶೇ. 90ರಷ್ಟು ಹೊತ್ತು ಓಡಿತು, ಅಂದರೆ 432 ನಿಮಿಷ. ನಿಮಿಷಕ್ಕೊಂದು ಬಿಡಿಭಾಗ ಬರಬೇಕಿತ್ತು, ಆದರೆ ವೇಗವೂ ಶೇ. 90 ಮಾತ್ರ. ಬಂದಿದ್ದು ಸುಮಾರು 389. ಅದರಲ್ಲಿ ಚೆನ್ನಾಗಿರುವುದು ಮತ್ತೆ ಶೇ. 90, ಅಂದರೆ ಸುಮಾರು 350. ಮೂರು ಕಡೆಯೂ ತೊಂಬತ್ತು ಅಂಕ ಬಂದರೂ ಒಟ್ಟು ಉಳಿದಿದ್ದು ಶೇ. 73ಕ್ಕಿಂತ ಒಂದಿಷ್ಟು ಕಡಿಮೆ! ಪರೀಕ್ಷೆಯಲ್ಲಿ ಮೂರು ವಿಷಯದಲ್ಲೂ ತೊಂಬತ್ತು ತೆಗೆದ ಹುಡುಗನಿಗೆ ಎಪ್ಪತ್ಮೂರು ಎಂದರೆ ಅಳುತ್ತಾನೆ. ಕಾರ್ಖಾನೆಯಲ್ಲಿ ಅಂಕಗಳನ್ನು ಕೂಡಿಸುವುದಿಲ್ಲ, ಗುಣಿಸುತ್ತಾರೆ.

ಮೊದಲ ವಾರದಲ್ಲೇ ಶೆಡ್ಡಿನಲ್ಲಿ ಮುಖಗಳು ಗಂಟಿಕ್ಕಿದವು. “ಬಾತ್‌ರೂಮಿಗೆ ಹೋದ್ರೂ ಕೆಂಪು ಬರುತ್ತೆ ಸಾರ್” ಎಂದು ಒಬ್ಬ ಹುಡುಗ ನನ್ನ ಹತ್ತಿರ ಗೊಣಗಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಯಂತ್ರದ ನಾಡಿ ನೋಡಲು ಇಟ್ಟಿದ್ದು ಮನುಷ್ಯನ ಕಾವಲಿಗೆ ತಿರುಗಲು ಹೆಚ್ಚು ಹೊತ್ತು ಬೇಡ. ಕೆಂಪಿಗೆ ಸಂಬಳ ಕಡಿತ ಎಂದು ಶುರುವಾಗಿದ್ದರೆ ಆ ಪರದೆಯನ್ನು ಸುಮ್ಮನೆ ಹಸಿರಾಗಿಡುವ ಉಪಾಯಗಳೂ ಹುಟ್ಟಿಕೊಳ್ಳುತ್ತಿದ್ದವು, ಅನುಮಾನವೇ ಬೇಡ.

ಅಳಿಯ ಹಾಗೆ ಮಾಡಲಿಲ್ಲ. ಪ್ರತಿ ಕೆಂಪಿಗೂ ಕಾರಣ ಬರೆಯಲು ಯಂತ್ರದ ಪಕ್ಕ ಒಂದು ಪಟ್ಟಿ ತೂಗುಹಾಕಿದ. ತಿಂಗಳ ಕೊನೆಗೆ ಕೂಡಿ ನೋಡಿದರೆ, ಚಹಾ, ಬಾತ್‌ರೂಮು ಎಲ್ಲ ಸೇರಿದರೂ ಚಿಲ್ಲರೆ ಲೆಕ್ಕ. ದೊಡ್ಡ ಗಂಟು ಬೇರೆಲ್ಲೋ ಇತ್ತು. ಕಚ್ಚಾ ಮಾಲು ಬರಲಿಲ್ಲ, ಹೊಸ ಟೂಲು ಸ್ಟೋರಿನಲ್ಲಿ ಇಲ್ಲ, ಮೊದಲ ಜಾಬು ಅಳೆದು ಒಪ್ಪಬೇಕಾದವರು ಸೀಟಿನಲ್ಲಿಲ್ಲ. ಅಂದರೆ ಕಾಯಿಸುತ್ತಿದ್ದುದು ಯಂತ್ರದ ಮುಂದೆ ನಿಂತವರಲ್ಲ, ಆಫೀಸಿನಲ್ಲಿ ಕೂತವರು. “ಕ್ಯಾಮೆರಾ ನಮ್ಮ ಕಡೇನೇ ತಿರುಗಿಬಿಡ್ತು ಮಾವ” ಎಂದು ಅವನೇ ನಕ್ಕ. ಈಗ ಟೂಲುಗಳ ಪೆಟ್ಟಿಗೆ ಯಂತ್ರದ ಪಕ್ಕಕ್ಕೇ ಬಂದಿದೆ.

ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಅಜ್ಜ ಅಜ್ಜಿಯರು ಕೇಳಿಯೇ ಕೇಳುತ್ತೀರಿ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬ್ಯಾಂಕಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಯಂತ್ರ ಬಂದಾಗ ನಾವೂ ಇದನ್ನೇ ಕೇಳಿ ಘೋಷಣೆ ಕೂಗಿದ್ದೆವು. ಇದ್ದವರ ಕೆಲಸ ಹೋಗಲಿಲ್ಲ ಎಂಬುದು ನಿಜ. ರಾತ್ರಿ ಹತ್ತರವರೆಗೆ ಕೂತು ಹನ್ನೊಂದು ಪೈಸೆ ವ್ಯತ್ಯಾಸ ಹುಡುಕುವ ಕಷ್ಟ ತಪ್ಪಿದ್ದೂ ನಿಜ. ಆದರೆ ನಾವು ಒಬ್ಬೊಬ್ಬರೇ ನಿವೃತ್ತರಾದಾಗ ನಮ್ಮ ಎಷ್ಟೋ ಕುರ್ಚಿಗಳಿಗೆ ಯಾರೂ ಬರಲಿಲ್ಲ. ಆ ಕುರ್ಚಿಯಲ್ಲಿ ಕೂರಬಹುದಾಗಿದ್ದ ಹುಡುಗ ಹುಡುಗಿಯರು ಯಾವ ಘೋಷಣೆಯಲ್ಲೂ ಇರಲಿಲ್ಲ. ಕಾರ್ಖಾನೆಗಳಲ್ಲೂ ಹೀಗೇ ಆದೀತೆಂದು ನನ್ನ ಅಂದಾಜು. ಹೊಸ ಕೆಲಸಗಳು ಹುಟ್ಟುತ್ತವೆ, ಹೌದು. ಹಳೆಯ ಕುರ್ಚಿ ಖಾಲಿಯಾದ ಊರಿನಲ್ಲೇ, ಅದೇ ಮನೆಯವರಿಗೇ ಹುಟ್ಟುತ್ತವೆ ಎಂದು ಮಾತ್ರ ಯಾರೂ ಬರೆದುಕೊಡುವುದಿಲ್ಲ.

ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದಾಗ ಇನ್ನೊಂದು ಅಪಾಯವೂ ಇದೆ. ನಾರ್ವೆ ದೇಶದ ನಾರ್ಸ್ಕ್ ಹೈಡ್ರೋ ದೊಡ್ಡ ಅಲ್ಯೂಮಿನಿಯಂ ಕಂಪನಿ, 2019ರಲ್ಲಿ ಸುಮಾರು 35,000 ನೌಕರರಿದ್ದರು. 2019ರ ಮಾರ್ಚ್‌ನಲ್ಲಿ ಒಂದು ದಿನ ಅವರ ಸಾವಿರಾರು ಕಂಪ್ಯೂಟರುಗಳಿಗೆ ಕಳ್ಳರು ಬೀಗ ಹಾಕಿಬಿಟ್ಟರು. ಕಡತಗಳೆಲ್ಲ ಗುಪ್ತಲಿಪಿಗೆ ತಿರುಗಿದ್ದವು, ಬೀಗದ ಕೈ ಬೇಕಾದರೆ ಹಣ ಕೊಡಿ ಎಂಬ ಬೆದರಿಕೆ. ತಿಂಗಳುಗಳ ಹಿಂದೆಯೇ, ಪರಿಚಿತ ಗಿರಾಕಿಯಿಂದ ಬಂದಂತಿದ್ದ ಒಂದು ಇಮೇಲಿನ ಮೂಲಕ ಕಳ್ಳರು ಒಳಗೆ ಸೇರಿಕೊಂಡಿದ್ದರು. ಕಂಪನಿ ಒಂದು ಕಾಸೂ ಕೊಡಲಿಲ್ಲ. ನಡೆದಿದ್ದನ್ನು ಮುಚ್ಚಿಡಲೂ ಇಲ್ಲ, ಲೋಕಕ್ಕೆಲ್ಲ ಹೇಳಿತು. ನಷ್ಟ ನಮ್ಮ ಲೆಕ್ಕದಲ್ಲಿ ನೂರಾರು ಕೋಟಿ.

ನನಗೆ ಖುಷಿ ಕೊಟ್ಟದ್ದು ಆಮೇಲಿನ ಕಥೆ. ಕಂಪ್ಯೂಟರ್ ಇಲ್ಲದೆ ಪೆನ್ನು ಕಾಗದ ಹಿಡಿದು ಕೈಯಿಂದಲೇ ಯಂತ್ರ ನಡೆಸಬೇಕಾದಾಗ, ಹಾಗೆ ನಡೆಸಿ ಗೊತ್ತಿದ್ದವರು ಯಾರು? ನಿವೃತ್ತರು! ಮನೆಯಲ್ಲಿ ಕೂತಿದ್ದ ಹಳಬರು ಕೆಲವರು ಕಾರ್ಖಾನೆಗೆ ವಾಪಸು ಬಂದು ಕೈಜೋಡಿಸಿದರು. ಈ ಸುದ್ದಿಯನ್ನು ನಾನು ಮನೆಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದ್ದೇನೆ.

ನಮ್ಮ ಮೇಸ್ತ್ರಿಗೂ ಹೇಳಿದೆ. ಅವರು ಹೆಚ್ಚು ಮಾತಾಡುವವರಲ್ಲ, “ನೋಡಿ ಸಾರ್” ಎಂದರು, ಅಷ್ಟೇ. ಅವರಿಗೆ ಮುಂದಿನ ಯುಗಾದಿಗೆ ಬಿಡುಗಡೆ. ಸೆನ್ಸರಿಗೆ ನಡುಕ ಗೊತ್ತಾಗುತ್ತದೆ, ಆದರೆ ಎಷ್ಟು ನಡುಗಿದರೆ ಎಚ್ಚರಿಸಬೇಕು ಎಂದು ಮನುಷ್ಯರೇ ಹೇಳಿಕೊಡಬೇಕು. ತೀರಾ ಕಡಿಮೆ ಇಟ್ಟರೆ ದಿನವಿಡೀ ಬೊಬ್ಬೆ ಹೊಡೆಯುತ್ತದೆ, ಹೆಚ್ಚು ಇಟ್ಟರೆ ಕೆಟ್ಟ ಮೇಲೆ ಕೂಗುತ್ತದೆ. ಆ ಗೆರೆ ಎಳೆಯಲು ತುಮಕೂರಿನ ಕಡೆಯಿಂದ ಬಂದ, ಐಟಿಐ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಸಂಜೆ ಯಂತ್ರ ಖಾಲಿ ತಿರುಗುವಾಗ ಮೇಸ್ತ್ರಿ ಸ್ಕ್ರೂಡ್ರೈವರಿಗೆ ಕಿವಿಕೊಡುತ್ತಾರೆ, ಇವಳು ಪರದೆಯ ಅಂಕಿ ಓದುತ್ತಾಳೆ. “ಇದು ಗ್ರೀಸ್ ಕಮ್ಮಿ ಆದ ಸದ್ದು, ಬರ್ಕೊಳಮ್ಮ.” “ಇದು ಬೇರಿಂಗಲ್ಲ, ಬೆಲ್ಟು.” ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವಳು ಸದ್ದಿನ ಹೆಸರು, ಪಕ್ಕದಲ್ಲಿ ಅಂಕಿ ಬರೆಯುತ್ತಿದ್ದಾಳೆ. ಕೆಲವು ಸದ್ದುಗಳಿಗೆ ಹೆಸರೇ ಇಲ್ಲವಾದ್ದರಿಂದ ‘ಗಿರಣಿ ಸದ್ದು’, ‘ಜೀರುಂಡೆ’, ‘ಒಣ ಎಲೆ’ ಎಂದೆಲ್ಲ ಇಬ್ಬರೂ ಸೇರಿ ಇಟ್ಟಿದ್ದಾರೆ. ಎರಡು ಯಂತ್ರಗಳ ಪುಟ ತುಂಬಿವೆ. ಮೂರನೆಯದರ ಪುಟ ಇನ್ನೂ ಖಾಲಿ. ಅದು ಹೊಸ ಯಂತ್ರ, ಇನ್ನೂ ಏನೂ ಹೇಳಿಲ್ಲವಂತೆ.