ಧಣಿಯ ವಿಮಾನದ ಸಾರಥಿ

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳ ಮನೆಯಲ್ಲಿ ಹೋದ ವರ್ಷ ಮೂರು ತಿಂಗಳ ಕಾಲ ಇದ್ದೆ. ಮುಂಜಾನೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ ತಲೆಯ ಮೇಲೆ ಪುಟ್ಟ ಪುಟ್ಟ ಜೆಟ್ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಟಿಕೆಟು ಕೊಂಡು ನಾವು ನೀವು ಏರುವ ವಿಮಾನಗಳಲ್ಲ ಅವು. ಹತ್ತಿರದಲ್ಲಿರುವ ಟೆಟರ್‌ಬರೊ ಎಂಬ ನಿಲ್ದಾಣಕ್ಕೆ ಅಂಥ ವಿಮಾನಗಳು ಬರುವುದೇ ಇಲ್ಲ. ನ್ಯೂಯಾರ್ಕಿನಲ್ಲಿ ಕೆಲಸವಿರುವ ದೊಡ್ಡ ಕಂಪನಿಗಳ ಅಧ್ಯಕ್ಷರು, ನಿರ್ದೇಶಕರು ತಮ್ಮ ಕಂಪನಿಯ ಸ್ವಂತ ವಿಮಾನಗಳಲ್ಲಿ ಅಲ್ಲಿಗೆ ಬಂದಿಳಿಯುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ, 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ, ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲಿ ಇಂಥ ಖಾಸಗಿ ವಿಮಾನಗಳು ಇಳಿಯುವುದನ್ನು ಕೇಳುಗರಲ್ಲಿ ಕೆಲವರು ಕಂಡಿರಬಹುದು.

ಅಕ್ಕನ ಮೊಮ್ಮಗ, ಇಪ್ಪತ್ತಾರು ವರ್ಷದ ಹುಡುಗ, ಇಂಥದೊಂದು ವಿಮಾನವನ್ನು ನಡೆಸುವ ಕೆಲಸಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದ. ಅಲ್ಲಿಯವರೆಗೆ ಒಂದು ಸಣ್ಣ ಹಾರಾಟದ ಶಾಲೆಯಲ್ಲಿ ಹೊಸಬರಿಗೆ ಕಲಿಸುತ್ತ ಹೊಟ್ಟೆ ಹೊರೆಯುತ್ತಿದ್ದ. ಮೇಷ್ಟರ ಬುದ್ಧಿ ನನ್ನದು. "ಅರ್ಜಿ ಹಾಕಿದೆಯೇನಪ್ಪ? ಪರೀಕ್ಷೆ ಯಾವಾಗ?" ಎಂದು ಕೇಳಿದೆ. ಅವನು ನಕ್ಕು, "ಅಜ್ಜ, ಬಹಳ ಸಲ ಕೆಲಸ ಖಾಲಿಯಿದೆ ಎಂಬುದೇ ಹೊರಗೆ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಯಾರೋ ಸೇರಿಯಾಗಿರುತ್ತದೆ" ಎಂದ. ಆ ಮೂರು ತಿಂಗಳಲ್ಲಿ ಅವನಿಂದ ತಿಳಿದುದನ್ನೂ, ಅವನ ಮಾತಿನ ಜಾಡು ಹಿಡಿದು ನಾನೇ ಓದಿ ತಿಳಿದುದನ್ನೂ ಇಲ್ಲಿ ಹೇಳುತ್ತೇನೆ.

ಕಂಪನಿಯ ವಿಮಾನ ವಿಭಾಗವೆಂದರೆ ನಾನು ದೊಡ್ಡ ಕಚೇರಿಯನ್ನು ಕಲ್ಪಿಸಿಕೊಂಡಿದ್ದೆ. ಅದು ಹೆಚ್ಚಾಗಿ ಒಂದು ಸಣ್ಣ ಸಂಸಾರ. ಒಂದೋ ಎರಡೋ ವಿಮಾನ, ಮೂರು ನಾಲ್ಕು ವೈಮಾನಿಕರು, ಒಬ್ಬ ಮೆಕ್ಯಾನಿಕ್, ಪ್ರಯಾಣದ ವೇಳೆಯನ್ನು ಗೊತ್ತುಮಾಡುವವರೊಬ್ಬರು. ಇಂಥ ಸಂಸಾರಗಳು ಅಮೆರಿಕದಲ್ಲಿ ಬೆಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಸೇನೆಯಿಂದ ಬಿಡುಗಡೆಯಾದ ವಿಮಾನಗಳೂ ಇದ್ದವು, ವೈಮಾನಿಕರೂ ಇದ್ದರು; ಕಂಪನಿಗಳು ಎರಡನ್ನೂ ಕೊಂಡವು. 1947ರ ಹೊತ್ತಿಗೆ ಇಂಥ ಕಂಪನಿಗಳು ತಮ್ಮದೇ ಸಂಘವೊಂದನ್ನೂ ಕಟ್ಟಿಕೊಂಡವು. ಆಗ ಪ್ಯಾನ್ ಆಮ್ ಸಂಸ್ಥೆಯ ಅಧ್ಯಕ್ಷ ಹ್ವಾನ್ ಟ್ರಿಪ್ಪರ ವಿಮಾನವನ್ನು ನಡೆಸುತ್ತಿದ್ದವರು ಆಲ್ಬರ್ಟ್ ಯೂಲ್ಚಿ ಎಂಬುವರು. ಯುದ್ಧದಲ್ಲಿ ಹಾರಿದ ಮಾತ್ರಕ್ಕೆ ಧಣಿಗಳನ್ನು ಕೂರಿಸಿಕೊಂಡು ಹಾರುವ ವಿದ್ಯೆ ಬಂದಂತಾಗಲಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1951ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ ಕಂಪನಿ ವೈಮಾನಿಕರಿಗಾಗಿ ಫ್ಲೈಟ್‌ಸೇಫ್ಟಿ ಎಂಬ ಶಾಲೆ ತೆರೆದರು. ಆಮೇಲೂ ಅನೇಕ ವರ್ಷ ಟ್ರಿಪ್ಪರ ಕೆಲಸವನ್ನು ಬಿಡಲಿಲ್ಲ. ಇಂದು ಆ ವೃತ್ತಿಯವರಲ್ಲಿ ಆ ಶಾಲೆಯ ಹೆಸರು ಕೇಳದವರಿಲ್ಲ.

ಕಾನೂನು ಕೇಳುವ ಅರ್ಹತೆಗಳನ್ನು ಬೇಗ ಹೇಳಿ ಮುಗಿಸಬಹುದು. ಹಣ ಪಡೆದು ಹಾರುವ ಪರವಾನಗಿಗೆ ಅಲ್ಲಿ ಸಾಮಾನ್ಯವಾಗಿ 250 ಗಂಟೆಗಳ ಹಾರಾಟ ಬೇಕು. ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರುವುದಕ್ಕೊಂದು, ಎರಡು ಎಂಜಿನ್ನಿನ ವಿಮಾನಕ್ಕೊಂದು ಬೇರೆ ಅರ್ಹತೆ. ಜೆಟ್ ವಿಮಾನದ ಕ್ಯಾಪ್ಟನ್ ಆಗಬೇಕಾದರೆ ಆಯಾ ಮಾದರಿಗೇ ಪ್ರತ್ಯೇಕ ಪರೀಕ್ಷೆ. 2009ರಲ್ಲಿ ಬಫಲೊ ನಗರದ ಬಳಿ ವಿಮಾನವೊಂದು ಬಿದ್ದು 50 ಮಂದಿ ಸತ್ತ ಮೇಲೆ ಸಾರ್ವಜನಿಕ ವಿಮಾನಗಳ ಸಹವೈಮಾನಿಕರಿಗೂ ಸಾಮಾನ್ಯವಾಗಿ 1500 ಗಂಟೆ ಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂದಿತು. ತನ್ನವರನ್ನೇ ಬಾಡಿಗೆಯಿಲ್ಲದೆ ಒಯ್ಯುವ ಕಂಪನಿಯ ವಿಮಾನಕ್ಕೆ ಈ ನಿಯಮ ತಗಲುವುದಿಲ್ಲ. ಹಾಗಾದರೆ ಇದು ಸುಲಭವಾಯಿತಲ್ಲ ಎಂದೆ. ಹುಡುಗ ತಲೆಯಾಡಿಸಿದ. ಕಾನೂನು ಬಿಟ್ಟರೂ ವಿಮೆಯವರು ಬಿಡುವುದಿಲ್ಲವಂತೆ. ಕೋಟಿಗಟ್ಟಲೆ ಬೆಲೆಯ ವಿಮಾನಕ್ಕೆ ವಿಮೆ ಬರೆದುಕೊಡುವವರು, ಅದನ್ನು ಮುಟ್ಟುವವನಿಗೆ ಒಟ್ಟು ಇಷ್ಟು ಗಂಟೆ, ಅದೇ ಮಾದರಿಯಲ್ಲಿ ಇಷ್ಟು ಗಂಟೆ ಅನುಭವವಿರಬೇಕೆಂದು ಪತ್ರದಲ್ಲಿಯೇ ನಮೂದಿಸುತ್ತಾರೆ. ಆ ಮಾದರಿಯಲ್ಲಿ ಹಾರದೆ ಅನುಭವವಿಲ್ಲ, ಅನುಭವವಿಲ್ಲದೆ ಹಾರಲು ಬಿಡುವವರಿಲ್ಲ. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ನೆನಪಾಯಿತು.

ಈ ಬೀಗಕ್ಕೆ ಇರುವ ಕೀಲಿ ಪರಿಚಯವೊಂದೇ. ನಮ್ಮ ಹುಡುಗ ಕಲಿಸುವ ಕೆಲಸ ಮುಗಿದ ಮೇಲೆ ಮನೆಗೆ ಬರುತ್ತಿರಲಿಲ್ಲ. ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನಲ್ಲಿ ಸುಮ್ಮನೆ ಓಡಾಡುತ್ತಿದ್ದ, ಒಬ್ಬರ ವಿಮಾನದ ಗಾಜು ಒರೆಸಿಕೊಡುತ್ತಿದ್ದ, ಇನ್ನೊಬ್ಬರಿಗೆ ಅದನ್ನು ಒಳಗೆ ಎಳೆಯಲು ಕೈಜೋಡಿಸುತ್ತಿದ್ದ. ಕಂಪನಿಯೊಂದರ ವೈಮಾನಿಕ ಕಾಯಿಲೆ ಬಿದ್ದರೆ ದಿನದ ಲೆಕ್ಕದಲ್ಲಿ ಹಾರಿಬರುವವರಿರುತ್ತಾರೆ. ಅವರ ಬಾಯಿಂದ ಒಂದು ಒಳ್ಳೆಯ ಮಾತು ಮುಖ್ಯ ವೈಮಾನಿಕರ ಕಿವಿಗೆ ಬಿದ್ದರೆ ಅದೇ ಅರ್ಜಿ.

ನನಗೆ ಇದು ಹಿಡಿಸಲಿಲ್ಲ. ಆಯ್ಕೆ ಸಮಿತಿಗಳಲ್ಲಿ ಕುಳಿತು ಬಂದವನು ನಾನು. ಹೆಸರು ಹೇಳಬಾರದ ಒಂದು ಕಡೆ, ಅಭ್ಯರ್ಥಿ ಒಳಗೆ ಬರುವ ಮುನ್ನವೇ ಅವನ ಹೆಸರಿನ ಎದುರು ಅಂಕ ಬಿದ್ದುದನ್ನು ನೋಡಿ ಬಾಯಿ ಮುಚ್ಚಿಕೊಂಡು ಎದ್ದುಬಂದ ನೆನಪು ಇಂದಿಗೂ ಚುಚ್ಚುತ್ತದೆ. "ಇದಕ್ಕೆ ನಮ್ಮಲ್ಲಿ ವಶೀಲಿ ಎನ್ನುತ್ತಾರೆ" ಎಂದೆ, ತುಸು ಕಟುವಾಗಿಯೇ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ನನ್ನನ್ನು ಶಿಫಾರಸು ಮಾಡುವವನೇ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಹಾರಬೇಕು, ಅಜ್ಜ" ಎಂದ. ಇನ್ನೊಂದು ಕಾರಣವನ್ನೂ ಹೇಳಿದ. ಅಧ್ಯಕ್ಷರು ಯಾವ ಊರಿಗೆ ಯಾರೊಡನೆ ಹೋದರು ಎಂಬುದಷ್ಟರಿಂದಲೇ ಯಾವ ಕಂಪನಿ ಯಾವುದನ್ನು ಕೊಳ್ಳಲಿದೆ ಎಂದು ಹೊರಗಿನವರು ಊಹಿಸಬಲ್ಲರು; ಆದ್ದರಿಂದ ಬಾಯಿ ಬಿಗಿಹಿಡಿಯದವನು ಎಷ್ಟು ಚೆನ್ನಾಗಿ ಹಾರಿದರೂ ಪ್ರಯೋಜನವಿಲ್ಲ. ಗಂಟೆಗಳು ಲಾಗ್‌ಬುಕ್ಕಿನಲ್ಲಿ ದೊರೆಯುತ್ತವೆ, ಈ ಗುಣ ಅಲ್ಲಿ ದೊರೆಯುವುದಿಲ್ಲ.

ಅವನ ಮಾತನ್ನು ಅರ್ಧ ಒಪ್ಪಿದೆ. ಉಳಿದರ್ಧವನ್ನು ಒಪ್ಪದಂತೆ ಮಾಡಿದ್ದು ನಾನು ಆಮೇಲೆ ಓದಿದ ಒಂದು ತನಿಖಾ ವರದಿ. 2014ರ ಮೇ 31ರ ರಾತ್ರಿ ಮ್ಯಾಸಚೂಸೆಟ್ಸಿನ ಬೆಡ್‌ಫರ್ಡಿನಲ್ಲಿ ಗಲ್ಫ್‌ಸ್ಟ್ರೀಮ್ ವಿಮಾನವೊಂದು ಮೇಲೇಳಲಾರದೆ ರನ್‌ವೇ ದಾಟಿ ಕಮರಿಗೆ ನುಗ್ಗಿ ಉರಿದುಹೋಯಿತು. ಒಳಗಿದ್ದ ಏಳು ಜನರೂ ಸತ್ತರು. ನಿಂತ ವಿಮಾನದ ರೆಕ್ಕೆಪುಕ್ಕಗಳು ಗಾಳಿಗೆ ಬಡಿದಾಡದಂತೆ ಹಾಕುವ ಒಂದು ಬೀಗವಿದೆ. ಅದನ್ನು ತೆಗೆಯದೆಯೇ ಹೊರಟಿದ್ದರು. ಹೊರಡುವ ಮುನ್ನ ಚುಕ್ಕಾಣಿಯನ್ನು ಪೂರ್ತಿ ಆಡಿಸಿ ನೋಡಬೇಕೆಂಬುದು ನಿಯಮ. ನೋಡಿದ್ದರೆ ಬೀಗ ಹಾಕಿರುವುದು ಆ ಕ್ಷಣವೇ ತಿಳಿಯುತ್ತಿತ್ತು. ಆ ವಿಮಾನದ ಹಿಂದಿನ 175 ಹಾರಾಟಗಳ ದಾಖಲೆ ತೆಗೆದು ನೋಡಿದರೆ, ಈ ಪರೀಕ್ಷೆಯನ್ನು ಸಂಪೂರ್ಣವಾಗಿ ಮಾಡಿದ್ದು ಎರಡೇ ಸಲ. ಇಬ್ಬರು ವೈಮಾನಿಕರೂ ಅನುಭವಿಗಳು, ಅನೇಕ ವರ್ಷಗಳಿಂದ ಜೊತೆಯಾಗಿ ಹಾರಿದವರು, ಒಬ್ಬರನ್ನೊಬ್ಬರು ಪೂರ್ತಿ ನಂಬಿದವರು. ಆ ನಂಬಿಕೆಯೇ ಅವರನ್ನು ಕೊಂದಿತೆಂದು ನನಗೆ ತೋರುತ್ತದೆ. ಸಣ್ಣ ಸಂಸಾರದಲ್ಲಿ ತಪ್ಪು ತೋರಿಸುವ ಮೂರನೆಯವನಿರುವುದಿಲ್ಲ. ಇದನ್ನು ಓದಿಹೇಳಿದಾಗ ಹುಡುಗ ಎದುರಾಡಲಿಲ್ಲ. ಅವನಿಗೆ ಆ ವರದಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ಧಣಿಯ ಒತ್ತಡದ ಮಾತು ಬೇರೆ. ಅದು ಇನ್ನೂ ಕಠಿಣವಾದುದು. 2001ರ ಮಾರ್ಚ್ 29ರಂದು ಕೊಲರಾಡೊದ ಆಸ್ಪೆನ್ ಎಂಬ ಬೆಟ್ಟದ ಊರಿನಲ್ಲಿ ಮುಸ್ಸಂಜೆಯ ಹಿಮದ ನಡುವೆ ಇಳಿಯಹೊರಟ ಬಾಡಿಗೆಯ ಜೆಟ್ಟೊಂದು ಅಪ್ಪಳಿಸಿ 18 ಮಂದಿ ಸತ್ತರು. ಬೇರೆ ಊರಿಗೆ ತಿರುಗಿಸಬಾರದೆಂದು ಬಾಡಿಗೆಗೆ ಪಡೆದವರು ತಂದ ಒತ್ತಡವೂ ಅದಕ್ಕೆ ಒಂದು ಕಾರಣವೆಂದು ತನಿಖೆ ಬರೆಯಿತು. ಅದು ಕಂಪನಿಯ ಸ್ವಂತ ವಿಮಾನವಲ್ಲ, ನಿಜ. ಆದರೆ ಹಣ ಕೊಡುವವನು ಐದು ಮಾರು ಹಿಂದೆ ಕುಳಿತಿರುವುದು ಎರಡರಲ್ಲಿಯೂ ಒಂದೇ. ಶಲ್ಯನ ನೆನಪಾಗುತ್ತದೆ. ಕರ್ಣನ ಸಾರಥಿಯಾಗಲು ಒಪ್ಪುವಾಗ ಆ ಮದ್ರರಾಜ ಹಾಕಿದ ಷರತ್ತು, ತನಗೆ ತೋಚಿದುದನ್ನು ಮುಲಾಜಿಲ್ಲದೆ ಆಡುವ ಸ್ವಾತಂತ್ರ್ಯ. ಹಗ್ಗ ಹಿಡಿದವನಿಗೆ ಅದು ಬೇಕೇ ಬೇಕು. ಶಲ್ಯ ರಾಜನಾಗಿದ್ದ, ಕೇಳಿ ಪಡೆದ. ಸಂಬಳದ ಸಾರಥಿ ಕೇಳುವುದು ಹೇಗೆ?

ಏಪ್ರಿಲ್ ತಿಂಗಳಲ್ಲಿ ಹುಡುಗನಿಗೆ ಒಂದು ಕಂಪನಿಯ ಮುಖ್ಯ ವೈಮಾನಿಕರಿಂದ ಕರೆ ಬಂದಿತು. ಹ್ಯಾಂಗರಿನ ಪರಿಚಯದಿಂದಲೇ ಬಂದದ್ದು. ಸಂದರ್ಶನ ನಡೆದದ್ದು ಒಂದು ಸಾಧಾರಣ ಹೋಟೆಲಿನ ಊಟದ ಮೇಜಿನ ಬಳಿ. ವಿಮಾನದ ವಿಚಾರಕ್ಕಿಂತ ಮನೆ, ಓದು, ಹವ್ಯಾಸಗಳ ಮಾತೇ ಹೆಚ್ಚು. ಬಡಿಸುವ ಹುಡುಗಿಯೊಡನೆ ತಾನು ಹೇಗೆ ಮಾತನಾಡುತ್ತೇನೆಂಬುದನ್ನು ಅವರು ಗಮನಿಸುತ್ತಿದ್ದರೆಂದು ಇವನಿಗೆ ಆಮೇಲೆ ಹೊಳೆಯಿತು. ಕೊನೆಗೆ ಅವರು ಕೇಳಿದ್ದು ಒಂದೇ: ಹಾರಬೇಕಾಗಿದ್ದೂ ನೀನು ಹಾರದೆ ಉಳಿದ ಒಂದು ದಿನದ ಸಂಗತಿ ಹೇಳು.

ಇವನ ಬಳಿ ಅಂಥದೊಂದು ಸಂಗತಿಯಿತ್ತು. ಹಿಂದಿನ ಚಳಿಗಾಲದಲ್ಲಿ ವ್ಯಾಪಾರಿಯೊಬ್ಬರು ತಮ್ಮ ಸಣ್ಣ ವಿಮಾನದಲ್ಲಿ ಉತ್ತರದ ಕಡೆಗೆ ಜೊತೆಗೆ ಬಾ ಎಂದು ಕರೆದಿದ್ದರು. ದಾರಿಯ ಮೋಡಗಳಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಸೂಚನೆಯಿತ್ತು; ಅದನ್ನು ಕಳಚುವ ಸಾಧನ ಆ ವಿಮಾನದಲ್ಲಿರಲಿಲ್ಲ. ಇವನು ಒಲ್ಲೆ ಎಂದ. ಅವರು ಮತ್ತೆಂದೂ ಇವನನ್ನು ಕರೆಯಲಿಲ್ಲ. ತಿಂಗಳ ಸಂಪಾದನೆಯಲ್ಲಿ ಕಾಲುಭಾಗ ಹೋಯಿತು. ಆ ದಿನ ಬೇರೆಯವರು ಯಾರೋ ಅದೇ ದಾರಿಯಲ್ಲಿ ಸುರಕ್ಷಿತವಾಗಿ ಹೋಗಿಬಂದರೆಂಬುದನ್ನೂ ಮುಚ್ಚಿಡದೆ ಹೇಳಿದನಂತೆ.

ಮೂರು ವಾರಗಳ ಮೇಲೆ ಅವನು ತರಬೇತಿಗೆಂದು ಕ್ಯಾನ್ಸಸ್ಸಿನ ವಿಚಿಟಾ ನಗರಕ್ಕೆ ಹೊರಟ. ಖರ್ಚು ಕಂಪನಿಯದೇ. ನಾನು ಊರಿಗೆ ಮರಳಿದ ಮೇಲೆ ಒಮ್ಮೆ ಫೋನು ಮಾಡಿದ್ದ. ಸಹವೈಮಾನಿಕನ ಕೆಲಸವೇನಪ್ಪ ಎಂದರೆ, ರತ್ನಗಂಬಳಿ ಗುಡಿಸುವುದು, ಮಂಜುಗಡ್ಡೆ ತುಂಬುವುದು, ಕಾಫಿ ಇಳಿಸುವುದು, ನಡುವೆ ಸ್ವಲ್ಪ ಹಾರುವುದು ಎಂದ. ಹಿಂದಿನ ದಿನ ಯಾವುದೋ ಸಣ್ಣ ಊರಿನಲ್ಲಿ ಮಂಜು ಕವಿದು ಕ್ಯಾಪ್ಟನ್ ಹೊರಡುವುದಿಲ್ಲ ಎಂದುಬಿಟ್ಟರಂತೆ. ಅಧ್ಯಕ್ಷರಿಗೆ ಬೆಳಗಾಗುವುದರೊಳಗೆ ಮುಖ್ಯ ಸಭೆಯೊಂದಿತ್ತು. "ಅವರು ಏನೆಂದರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ, ಅಜ್ಜ. ಬಾಡಿಗೆ ಕಾರು ತರಿಸಿದೆವು. ಅವರ ಚೀಲಗಳನ್ನು ನಾನೇ ಡಿಕ್ಕಿಗೆ ಇಟ್ಟುಬಂದೆ."